ಮೂರನೇ ಕೀಲಿ

ಬಾಗಿಲು ತೆರೆದುಕೊಂಡ ಕೂಡಲೇ ಕೀಲಿಯಜ್ಜ ಬೀದಿಯ ಕಡೆ ಮುಖ ಮಾಡಿ ನಿಂತ.

ಮನೆ ಒಬ್ಬ ನಿವೃತ್ತ ಮೇಷ್ಟ್ರದ್ದು. ಭಾನುವಾರ ಬೆಳಿಗ್ಗೆ ಪೇಪರು ಎತ್ತಿಕೊಳ್ಳಲು ಹೊರಗೆ ಬಂದಿದ್ದಾಗ ಹಿಂದಿನಿಂದ ಗಾಳಿಗೆ ಬಾಗಿಲು ಹಾಕಿಕೊಂಡಿತ್ತು. ಬನಿಯನ್ನಿನಲ್ಲೇ, ಪೇಪರನ್ನು ಎದೆಗೆ ಅಡ್ಡ ಹಿಡಿದು, ಬೀದಿ ದಾಟಿ ಅಂಗಡಿಗೆ ಬಂದು ಅಜ್ಜನನ್ನು ಕರೆದುಕೊಂಡು ಹೋಗಿದ್ದರು. ಅಜ್ಜ ಮೊದಲು ಕೈಯಲ್ಲಿದ್ದ ಕೀಲಿಗೊಂಚಲಿನಿಂದ ಬಾಗಿಲನ್ನು ಎರಡು ಸಲ ತಟ್ಟಿದ. ಒಳಗೆ ಯಾರೂ ಇಲ್ಲವೆಂದು ಮೇಷ್ಟ್ರು ಹೇಳಿದ ಮೇಲೂ ತಟ್ಟಿದ. ಆಮೇಲೆ ಮಂಡಿಯೂರಿ, ಎರಡು ತಂತಿ ತೂರಿಸಿ, ಕಣ್ಣು ಮುಚ್ಚಿಕೊಂಡು ಬೀಗದೊಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತಿದ. ಬೀಗ ಸಡಿಲವಾದಾಗ ಬಾಗಿಲನ್ನು ಬೆರಳಿನಿಂದ ನೂಕಿ, ತಿರುಗಿ ನಿಂತ.

“ಅದ್ಯಾಕೆ ಅಜ್ಜ ಮುಖ ತಿರುಗಿಸ್ಕೊಂಡ್ರಿ? ಒಳಗೇನು ಹೊಸ ಸೊಸೆ ಇದ್ದಾಳಾ?” ಎಂದರು ಮೇಷ್ಟ್ರು.

“ನಿಮ್ಮನೆ, ನೀವು ಮೊದಲು ನೋಡ್ಬೇಕು. ಬೀಗ ತೆಗೆದವನೇ ಮೊದಲು ಇಣುಕಿದ್ರೆ ಅವನಿಗೂ ಕಳ್ಳನಿಗೂ ಏನು ವ್ಯತ್ಯಾಸ?”

“ಕಳ್ಳ ಇಷ್ಟೊತ್ತು ತಗೊಳ್ಳಲ್ಲ, ಅಷ್ಟೇ ವ್ಯತ್ಯಾಸ.”

ಅಜ್ಜ ನಕ್ಕ. ಈ ಎರಡು ಪದ್ಧತಿಗಳನ್ನು ಅವನಿಗೆ ಕಲಿಸಿದವರು ಅವನ ಉಸ್ತಾದರು. ತಂತಿ ಹಾಕುವ ಮೊದಲು ತಟ್ಟಬೇಕು. ಒಳಗೆ ಮನುಷ್ಯರಿದ್ದರೆ ಅವರು ‘ಹೂಂ’ ಅನ್ನುವವರೆಗೆ ಕಾಯಬೇಕು. ತೆರೆದ ಮೇಲೆ ಬೆನ್ನು ತಿರುಗಿಸಬೇಕು. ಬೀಗದ ಕೆಲಸ ಯಾರಾದರೂ ಕಲಿಯಬಹುದು, ಊರಿನವರು ನಂಬಿ ಮನೆ ಬಾಗಿಲಿಗೆ ಕರೆಯುವುದು ಈ ಎರಡಕ್ಕಾಗಿ ಎಂದು ಉಸ್ತಾದರು ಹೇಳುತ್ತಿದ್ದರು. ಈಗ ಅಜ್ಜನಿಗೆ ಎಪ್ಪತ್ತು ದಾಟಿದೆ. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಾಗುವ ಅವನ ಅಂಗಡಿಯಿದೆ. ಗಿರಾಕಿಯ ಕೀಲಿಯ ನಕಲನ್ನು ತನ್ನಲ್ಲಿಟ್ಟುಕೊಂಡವನು ಎಂದು ಅವನತ್ತ ಯಾರೂ ಬೆರಳು ತೋರಿಸಿದ್ದಿಲ್ಲ.

ತಂತಿಗಳನ್ನು ಚೀಲಕ್ಕೆ ಸೇರಿಸುತ್ತಿದ್ದಾಗ ಮೊಬೈಲು ಬಡಿದುಕೊಂಡಿತು. ಮಗಳು.

“ಅಪ್ಪಾ, ಎಲ್ಲಿದೀಯ? ಬೇಗ ಬಾ. ಇವಳು ಬಾಗಿಲು ತೆಗೀತಿಲ್ಲ.”

ಅಜ್ಜ ಚೀಲ ಹೆಗಲಿಗೇರಿಸಿದ. ಕೂಲಿಯನ್ನೂ ಕೇಳದೆ ಹೊರಟ.

‘ಇವಳು’ ಅಂದರೆ ಹದಿಮೂರರ ಮೊಮ್ಮಗಳು. ಮಾತಿಗೊಂದು ‘ಯಾಕೆ’ ಸೇರಿಸಿ ಎದುರಿಗಿದ್ದವರನ್ನು ಕಟಕಟೆಗೆ ಹತ್ತಿಸುವ ಹುಡುಗಿಯಾದ್ದರಿಂದ ಅಜ್ಜ ಅವಳನ್ನು ಜಡ್ಜಮ್ಮ ಎನ್ನುತ್ತಾನೆ. ಮಗಳು ಅಜ್ಜನ ಮನೆಯಲ್ಲೇ ಇದ್ದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅಳಿಯ ಬೇರೆ ಊರಿನಲ್ಲಿ ಕ್ರೇನ್ ಓಡಿಸುತ್ತಾನೆ, ರಜೆ ಸಿಕ್ಕಾಗ ಬರುತ್ತಾನೆ. ಶಾಲೆ ಬಿಟ್ಟ ಮೇಲೆ ಜಡ್ಜಮ್ಮ ಅಜ್ಜನ ಅಂಗಡಿಗೆ ಬಂದು, ಎಣ್ಣೆ ಡಬ್ಬದ ಪಕ್ಕದ ಸ್ಟೂಲಿನ ಮೇಲೆ ಕೂತು, ಅಮ್ಮ ಬರುವವರೆಗೆ ಅವನ ಬಾಲ್ಯವನ್ನು ವಿಚಾರಣೆ ಮಾಡುತ್ತಾಳೆ.

“ನಿಮ್ಮಮ್ಮ ನಿನ್ನ ಒಳಗೆ ಹಾಕಿ ಹೊರಗಿಂದ ಬೀಗ ಹಾಕ್ತಿದ್ಲಾ? ನಿಜವಾಗ್ಲೂ? ಯಾಕೆ?”

“ಕೆಲಸಕ್ಕೆ ಹೋಗ್ಬೇಕಿತ್ತಲ್ಲಮ್ಮ.”

“ಪಕ್ಕದ ಮನೆಯವರಿಗೆ ಹೇಳಿ ಹೋಗ್ಬಹುದಿತ್ತು.”

“ಪಕ್ಕದ ಮನೆಯವಳೂ ಅವಳ ಮಕ್ಕಳಿಗೆ ಬೀಗ ಹಾಕಿ, ಇವಳ ಜೊತೆಗೇ ಹೋಗ್ತಿದ್ಲು.”

ಅಜ್ಜನ ಅಮ್ಮ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿದ್ದಳು. ಅವಳ ಬಾಲ್ಯ ಕಳೆದದ್ದು ರಸ್ತೆ ಹಾಕುವವರ ಜೊತೆ, ಇವತ್ತು ಇಲ್ಲಿ ನಾಳೆ ಅಲ್ಲಿ, ನಾಲ್ಕು ಗೂಟ ನೆಟ್ಟು ಎಳೆದ ಟಾರ್ಪಾಲಿನ ಕೆಳಗೆ. ಅಲ್ಲಿ ಬಾಗಿಲೆಂಬುದೇ ಇರಲಿಲ್ಲ. ಕತ್ತಲಾದ ಮೇಲೆ ಯಾರು ಬೇಕಾದರೂ ಬರಬಹುದಿತ್ತು, ಕೆಲವರು ಬಂದೂ ಇದ್ದರು. ಅದರ ಬಗ್ಗೆ ಅವಳು ಅಷ್ಟೇ ಹೇಳುತ್ತಿದ್ದಳು. ಮದುವೆಯಾಗಿ, ಗಂಡ ತೀರಿಕೊಂಡು, ಎರಡು ಮಕ್ಕಳೊಂದಿಗೆ ಒಂದು ಕೋಣೆಯ ಮನೆ ಹಿಡಿದಾಗ ಅವಳು ಮೊದಲು ಮುಟ್ಟಿ ನೋಡಿದ್ದು ಬಾಗಿಲಿನ ಕೊಂಡಿಯನ್ನು. ದಪ್ಪನೆಯ ಒಂದು ಬೀಗ ತಂದಳು. ಅದಕ್ಕೆ ಇದ್ದದ್ದು ಒಂದೇ ಕೀಲಿ. ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. “ನೀವು ಪುಣ್ಯವಂತರು, ನಿಮಗೆ ಬಾಗಿಲಿದೆ,” ಎಂದು ಮಕ್ಕಳಿಗೆ ಹೇಳಿ ಹೊರಗಿನಿಂದ ಬೀಗ ಜಡಿಯುತ್ತಿದ್ದಳು. ಅದು ಕ್ರೌರ್ಯವೆಂದು ಅವಳಿಗೆ ಸಾಯುವವರೆಗೂ ಅನ್ನಿಸಿರಲಿಲ್ಲ.

ಒಳಗೆ ಹುಡುಗ ಮತ್ತು ಅವನ ತಂಗಿ. ಬಾಗಿಲ ಕೆಳಗಿನ ಸಂದಿಯಲ್ಲಿ ಓಡಾಡುವವರ ಪಾದ ಕಾಣುತ್ತಿತ್ತು. ಚಪ್ಪಲಿ ನೋಡಿ ಯಾರೆಂದು ಹೇಳುವುದು ಅವರಿಬ್ಬರ ಆಟ. ಒಂದು ಬೇಸಿಗೆಯಲ್ಲಿ ತಂಗಿಗೆ ವಾಂತಿಭೇದಿ ಹಿಡಿಯಿತು. ಬೆಳಿಗ್ಗೆ ಅಮ್ಮ ಹೊರಡುವಾಗ ಚೆನ್ನಾಗಿಯೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಕೊಡದ ನೀರು ಮುಗಿದಿತ್ತು. ಹುಡುಗ ಸಂದಿಗೆ ಬಾಯಿಟ್ಟು ಕೂಗಿದ. ಎರಡು ಪಾದಗಳು ಬಂದು ನಿಂತವು. ಬೀಗವನ್ನು ಅಲ್ಲಾಡಿಸಿ, “ನಿಮ್ಮಮ್ಮ ಬರ್ಲಿ, ಬೇರೆಯವರ ಮನೆ ಬೀಗ ಒಡೆಯೋಕಾಗಲ್ಲ,” ಎಂದು ಹೇಳಿ ಹೋದವು. ಅಮ್ಮ ಬಂದಾಗ ಹುಡುಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹೋದಳು.

ಮುಂದಿನ ವಾರ ಅಮ್ಮ ಮತ್ತೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದಳು. ಈ ಸಲ ಒಳಗೆ ಹುಡುಗ ಒಬ್ಬನೇ ಇದ್ದ.

ಇದನ್ನು ಅಜ್ಜ ಹೆಂಡತಿಗೆ ಅವಳು ಬದುಕಿದ್ದಾಗ ಅರ್ಧ ಹೇಳಿದ್ದ, ಮಗಳಿಗೆ ಹೇಳಿರಲೇ ಇಲ್ಲ. ಜಡ್ಜಮ್ಮ ಮಾತ್ರ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದ್ದಳು. ಕೇಳಿ, ಆ ಒಂದು ಸಂಜೆ ‘ಯಾಕೆ’ ಅನ್ನಲಿಲ್ಲ. ಅಜ್ಜನ ಕೈಯಿಂದ ಅರವನ್ನು ತೆಗೆದುಕೊಂಡು, ಅರ್ಧಕ್ಕೆ ನಿಂತಿದ್ದ ಕೀಲಿಯ ಹಲ್ಲನ್ನು ತಾನೇ ಉಜ್ಜಿ ಮುಗಿಸಿದಳು.

ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ. ಅಜ್ಜ ತನ್ನ ಮನೆ ಮಾಡಿದಾಗ ಒಳಗಿನ ಬಾಗಿಲುಗಳ ಚಿಲಕಗಳನ್ನೆಲ್ಲ ಕಿತ್ತು ಹಾಕಿದ. ಬಚ್ಚಲಿನದನ್ನೂ ಬಿಡಲಿಲ್ಲ. ಸ್ನಾನಕ್ಕೆ ಹೋದವರು ಹಾಡುತ್ತಿರಬೇಕು, ಹಾಡು ಕೇಳಿದರೆ ಒಳಗೆ ಜನ ಇದ್ದಾರೆಂದು ಅರ್ಥ. ಇದು ಆ ಮನೆಯ ಕಾನೂನು. “ಊರಿಗೆಲ್ಲ ಬೀಗ, ಮನೆಗೆ ಬಯಲು,” ಎಂದು ಅವನ ಹೆಂಡತಿ ಬಂದವರ ಮುಂದೆ ಹಂಗಿಸುತ್ತಿದ್ದಳು. “ನಮ್ಮೆಜಮಾನರು ಸಂಗೀತ ಶಾಲೆ ಇಟ್ಟಿದ್ದಾರೆ, ಬಚ್ಚಲಲ್ಲಿ.” ಜನ ನಗುತ್ತಿದ್ದರು. ಅಜ್ಜನೂ ನಗುತ್ತಿದ್ದ. ತನ್ನ ಮಗಳು ಯಾವ ಬಾಗಿಲಿನ ಹಿಂದೆಯೂ ಸಿಕ್ಕಿಬೀಳದೆ ಬೆಳೆಯುತ್ತಿದ್ದಾಳೆ ಎಂಬುದು ಅವನ ಒಳಗಿನ ಹೆಮ್ಮೆಯಾಗಿತ್ತು.

ಮಗಳಿಗೆ ಹದಿಮೂರಾದಾಗ ಒಂದು ದಿನ ನೆಗಡಿಯಾಗಿ ಗಂಟಲು ಕಟ್ಟಿತ್ತು. ಹಾಡದೆ ಸ್ನಾನ ಮಾಡುತ್ತಿದ್ದಳು. ಅಜ್ಜನನ್ನು ನೋಡಲು ಬಂದಿದ್ದ ಗಿರಾಕಿಯೊಬ್ಬ ಕೈ ತೊಳೆಯಲೆಂದು ಬಾಗಿಲು ನೂಕಿದ. ಅವನು ಕ್ಷಮೆ ಕೇಳಿ ಹೋದ. ಹುಡುಗಿ ಎರಡು ದಿನ ಊಟ ಬಿಟ್ಟಳು. ಆಗ ಅಜ್ಜ ಹೇಳಿದ ಮಾತು ಮಗಳಿಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ: “ಹಾಡಕ್ಕಾಗದಿದ್ರೆ ಕೆಮ್ಮಬೇಕಿತ್ತು.” ಆಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಿಲ್ಲ. ಮಗುವಿಗೆ ಜೋಗುಳವನ್ನೂ ಹಾಡಲಿಲ್ಲ, ಬೆನ್ನು ತಟ್ಟಿ ಮಲಗಿಸಿದಳು.

ಆದ್ದರಿಂದ ಕಳೆದ ವರ್ಷ ಜಡ್ಜಮ್ಮನಿಗೆ ಹನ್ನೆರಡು ತುಂಬಿದಾಗ, ಉಡುಗೊರೆ ಏನು ಬೇಕೆಂಬ ಪ್ರಶ್ನೆಗೆ ಉತ್ತರ ಕೊಟ್ಟವಳು ಹುಡುಗಿಯಲ್ಲ, ಅವಳ ತಾಯಿ.

“ಅವಳಿಗೊಂದು ಕೋಣೆ ಬೇಕು. ಬೀಗ ಇರೋ ಕೋಣೆ. ಅಪ್ಪ, ನೀನೇ ಹಾಕಿಕೊಡ್ಬೇಕು.”

ಅಜ್ಜ ತಾನು ಮಲಗುತ್ತಿದ್ದ ಕೋಣೆಯಿಂದ ಹಾಸಿಗೆ ಸುತ್ತಿಕೊಂಡು ಹಜಾರಕ್ಕೆ ಬಂದ. ಬಾಗಿಲಿಗೆ ಒಳ್ಳೆಯ ಬೀಗವನ್ನು ತಾನೇ ಕೂಡಿಸಿದ, ಒಳಗಿನಿಂದಲೂ ಹೊರಗಿನಿಂದಲೂ ಕೀಲಿ ಹೋಗುವಂಥದ್ದು. ಎರಡು ಕೀಲಿಗಳನ್ನು ಜಡ್ಜಮ್ಮನ ಅಂಗೈ ಮೇಲಿಟ್ಟ. ಅವಳು ಬಿಡುವವಳೇ?

“ಮೂರನೇದು ಎಲ್ಲಿದೆ?”

“ಮೂರನೇದು ಇಲ್ಲ.”

“ನನ್ನಾಣೆ?”

“ನಿನ್ನಾಣೆ.”

ಮೂರನೆಯದು ಆಗಲೇ ಅವನ ಪ್ಯಾಂಟಿನ ಸಣ್ಣ ಜೇಬಿನಲ್ಲಿತ್ತು. ಹಿಂದಿನ ಸಂಜೆ ಬೀಗವನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ, ಇದನ್ನು ಮಾಡಬಾರದು ಎಂದುಕೊಳ್ಳುತ್ತಲೇ ಕೈ ಮಾಡಿ ಮುಗಿಸಿತ್ತು. ಒಂದೇ ಕೀಲಿಯ ಬೀಗ ಏನು ಮಾಡುತ್ತದೆಂದು ಆ ಕೈಗೆ ಗೊತ್ತಿತ್ತು. ಬಳಸುವುದಿಲ್ಲ, ಸುಮ್ಮನೆ ಇರಲಿ ಎಂದುಕೊಂಡ. ಬಟ್ಟೆ ಬದಲಿಸುವಾಗೆಲ್ಲ ಆ ಜೇಬಿನಿಂದ ಈ ಜೇಬಿಗೆ ಅದು ಬದಲಾಗುತ್ತ ಬಂದಿತ್ತು. ಹುಡುಗಿ ಮಾತ್ರ ಆ ದಿನದಿಂದ ಅಜ್ಜ ಕೀಲಿಗೊಂಚಲಿನಿಂದ ಎರಡು ಸಲ ತಟ್ಟಿದರೆ ಎಂಥ ಮುನಿಸಿನಲ್ಲಿದ್ದರೂ ಬಾಗಿಲು ತೆಗೆಯುತ್ತಿದ್ದಳು. ಅಮ್ಮ ತಟ್ಟಿದರೆ ತೆಗೆಯುತ್ತಿದ್ದಳೆಂದು ಹೇಳುವ ಹಾಗಿರಲಿಲ್ಲ.

ಅಜ್ಜ ಮನೆ ಮುಟ್ಟಿದಾಗ ಮಗಳು ಬಾಗಿಲಿಗೆ ಹಣೆಯೊತ್ತಿ ನಿಂತಿದ್ದಳು. ತಟ್ಟಿ ತಟ್ಟಿ ಅಂಗೈ ಕೆಂಪಾಗಿತ್ತು. ನೆಲದ ಮೇಲಿನ ಮುಚ್ಚಿದ ತಟ್ಟೆಯಲ್ಲಿ ಹಿಂದಿನ ರಾತ್ರಿಯ ಊಟ ಹಾಗೇ ಇತ್ತು.

“ರಾತ್ರಿ ಬರೀ ಮುನಿಸು ಅಂದ್ಕೊಂಡಿದ್ದೆ. ಏನಂದೆ ಅವಳಿಗೆ?”

“ನಾನೇನೂ ಅನ್ಲಿಲ್ಲ. ನಿನ್ನೆ ಅವಳ ಸೋದರತ್ತೆ ಫೋನ್ ಮಾಡಿದ್ರು. ಶಾಲೇಲಿ ಇವಳನ್ನ ಯಾರೂ ಸೇರಿಸ್ಕೊಳ್ಳಲ್ವಂತೆ, ಟಾಯ್ಲೆಟ್ ಬಾಗಿಲು ಹಾಕ್ಕೊಂಡು ಒಳಗೇ ಡಬ್ಬಿ ತೆಗೆದು ತಿಂತಾಳಂತೆ ಅಂತ ಹೇಳ್ತಿದ್ದೆ. ಹಿಂದೇನೇ ನಿಂತಿದ್ಲು.”

“ನಿಂಗದು ಹೇಳಿದ್ದು ಯಾರು?”

“ಅವಳೇ. ಯಾರಿಗೂ ಹೇಳ್ಬೇಡಮ್ಮ ಅಂತ ಹೇಳಿದ್ಲು.” ಮಗಳು ಮತ್ತೆ ಬಾಗಿಲು ತಟ್ಟಿದಳು. “ಬೆಳಿಗ್ಗೆಯಿಂದ ಉಸಿರಿಲ್ಲ ಅಪ್ಪ. ನಮ್ಮ ಸೂಪರ್‌ವೈಸರ್ ಮಗ ಹೋದ ತಿಂಗಳು ಹೀಗೇ ಬಾಗಿಲು ಹಾಕ್ಕೊಂಡು…”

ಆ ಮಾತನ್ನು ಮುಗಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಅಜ್ಜ ಗೊಂಚಲಿನಿಂದ ಎರಡು ಸಲ ತಟ್ಟಿದ. “ಜಡ್ಜಮ್ಮ, ನಾನು.”

ಒಳಗೆ ಸದ್ದಿಲ್ಲ. ಏನೋ ಸರಿದಂತಾಯಿತು, ಇಲ್ಲವೇನೋ. ಅಜ್ಜ ಬಾಗಿಲಿಗೆ ಕಿವಿಯಿಟ್ಟ. ಮರದ ಆ ಕಡೆಯ ಮೌನ ಅವನಿಗೆ ಹಳೆಯ ಪರಿಚಯದ್ದು. ತಂಗಿ ನೀರು ಕೇಳುವುದನ್ನು ನಿಲ್ಲಿಸಿದ ಮೇಲೆ ಕೋಣೆ ಹೀಗೇ ಇತ್ತು.

“ಕಾಯ್ತಾ ನಿಂತ್ಕೋಬೇಡ ಅಪ್ಪ! ಏನಾದ್ರೂ ಮಾಡು!”

ಅವನು ತಂತಿಗಾಗಿ ಚೀಲಕ್ಕೆ ಕೈ ಹಾಕಿದ. ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ತಂತಿ ನಿಲ್ಲುವುದಿಲ್ಲ. ಕೈ ಚೀಲ ಬಿಟ್ಟು ಸಣ್ಣ ಜೇಬಿಗೆ ಹೋಯಿತು. ಬಾಗಿಲು ಹಾಕಿಕೊಂಡ ಮೇಲೆ ಕೀಲಿಯನ್ನು ಬೀಗದಲ್ಲೇ ಬಿಡಬಾರದು ಎಂದು ಹುಡುಗಿಗೆ ಕಲಿಸಿದವನು ಅವನೇ. ಅವಳು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಹೊರಗಿನಿಂದ ಇನ್ನೊಂದು ಕೀಲಿ ಹೋಗುತ್ತಿರಲಿಲ್ಲ. ಮೂರನೆಯದು ಸಲೀಸಾಗಿ ಹೋಯಿತು, ತಿರುಗಿತು.

ಈ ಸಲ ಅಜ್ಜ ಬೆನ್ನು ತಿರುಗಿಸಲಿಲ್ಲ. ಎಲ್ಲರಿಗಿಂತ ಮೊದಲು ಅವನೇ ಒಳಗೆ ನುಗ್ಗಿದ.

ಜಡ್ಜಮ್ಮ ಮಂಚಕ್ಕೂ ಬಾಗಿಲಿಗೂ ನಡುವೆ ನಿಂತಿದ್ದಳು. ಅತ್ತು ಕಣ್ಣು ಊದಿತ್ತು, ಅದು ಬಿಟ್ಟರೆ ಏನೂ ಆಗಿರಲಿಲ್ಲ. ಬಲಗೈಯಲ್ಲಿ ಅವಳ ಕೀಲಿಯಿತ್ತು, ಬಾಗಿಲ ಕಡೆಗೆ ಚಾಚಿದ ಹಾಗೇ ಇತ್ತು.

ತಾಯಿ ಅವಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದಳು. ಹುಡುಗಿ ಅಮ್ಮನ ತೋಳಿನೊಳಗೆ ಕಂಬದಂತೆ ನಿಂತು ಅಜ್ಜನ ಕೈಯನ್ನೇ ನೋಡುತ್ತಿದ್ದಳು.

“ತಟ್ಟಿದ್ದು ನೀನೇ ಅಂತ ಗೊತ್ತಾಯ್ತು. ಎದ್ದು ಬರ್ತಾ ಇದ್ದೆ.”

“ಮಾತಾಡ್ಬಾರದಾ ಕಂದಾ? ಒಂದು ‘ಹೂಂ’ ಅಂದಿದ್ರೆ…”

“ಅಮ್ಮ ಇದ್ಲಲ್ಲ. ಅದಕ್ಕೆ ಮಾತಾಡ್ಲಿಲ್ಲ. ತಂತಿ ಹಾಕಿದ್ರೂ ಹಾಕ್ಲಿ ಅಂದ್ಕೊಂಡೆ.” ಅಂಗಡಿಯಲ್ಲಿ ಕೂತು ಕೂತು ಅವಳಿಗೆ ತಂತಿಯ ಸದ್ದು ಬೇರೆ, ಕೀಲಿಯ ಸದ್ದು ಬೇರೆ ಎಂಬುದು ಚೆನ್ನಾಗಿ ಗೊತ್ತಿತ್ತು. “ಕೀಲಿ ತಿರುಗ್ತು.”

ಅಜ್ಜ ಮುಷ್ಟಿ ಮುಚ್ಚಿದ. ಮುಚ್ಚಿ ಏನೂ ಪ್ರಯೋಜನವಿರಲಿಲ್ಲ.

“ನನ್ನಾಣೆ ಅಂದಿದ್ದೆ.”

“ನಿಂಗೊತ್ತಲ್ಲ ತಾಯಿ, ನನ್ನ ತಂಗಿ… ಅವತ್ತು ಇನ್ನೊಂದು ಕೀಲಿ ಇದ್ದಿದ್ರೆ…”

“ಗೊತ್ತು. ಆ ಬೀಗ ಹೊರಗಿಂದ ಹಾಕಿದ್ದು ಅಜ್ಜ. ಇದು ನಾನು ಒಳಗಿಂದ ಹಾಕ್ಕೊಂಡಿದ್ದು.”

ತಾಯಿಯ ಅಳು ನಿಂತಿತ್ತು. ಅವಳೂ ಈಗ ಅಪ್ಪನ ಮುಷ್ಟಿಯನ್ನು ನೋಡುತ್ತಿದ್ದಳು. ತಂಗಿಯ ಕಥೆಯನ್ನು ಅವಳು ಕೇಳಿದ್ದು ಇದೇ ಮೊದಲು, ಅದೂ ಅರ್ಧ ವಾಕ್ಯದಲ್ಲಿ. ಆದರೆ ಅವಳು ಅದರ ಬಗ್ಗೆ ಕೇಳಲಿಲ್ಲ.

“ಒಂದು ಚಿಲಕಕ್ಕೆ ನಾನು ನಿನ್ನ ಎಷ್ಟು ಬೇಡ್ಕೊಂಡಿದ್ದೆ ಅಪ್ಪ. ಹಾಕಿಕೊಡ್ಲಿಲ್ಲ. ಇವಳಿಗಾದ್ರೂ ಹಾಕಿಕೊಟ್ಟೆಯಲ್ಲ ಅಂತ ಮನಸ್ಸಲ್ಲೇ ನಿನ್ನ ಕ್ಷಮಿಸ್ಬಿಟ್ಟಿದ್ದೆ. ಇದೂ ಸುಳ್ಳಾ?”

“ನೀನೇ ತೆಗಿ ಅಂದ್ಯಲ್ಲೇ…”

“ಅಂದೆ. ಅಂದಾಗ ನಿನ್ನ ಜೇಬಲ್ಲಿ ಕೀಲಿ ಇದೆ ಅಂತ ಗೊತ್ತಿರ್ಲಿಲ್ಲ.”

ಈ ಮಾತಿನಲ್ಲಿ ನ್ಯಾಯ ಎಷ್ಟಿದೆ ಎಂದು ಅಜ್ಜ ಆಮೇಲೆ ಬಹಳ ಸಲ ಯೋಚಿಸಿದ. ಒಳಗೆ ನಿಜಕ್ಕೂ ಏನಾದರೂ ಆಗಿದ್ದರೆ ಇದೇ ಮಗಳು ಅದೇ ಕೀಲಿಗೆ ಕೈಮುಗಿಯುತ್ತಿದ್ದಳು. ಆದರೆ ಏನೂ ಆಗಿರಲಿಲ್ಲ. ತಂಗಿಯ ಸಲುವಾಗಿ ತಡವಾಗಿ ಬಂದ ಕೀಲಿ ಮೊಮ್ಮಗಳ ಸಲುವಾಗಿ ಸ್ವಲ್ಪ ಬೇಗ ಬಂದಿತ್ತು. ಇನ್ನೊಂದು ಗಳಿಗೆ ಕಾದಿದ್ದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು.

ಹುಡುಗಿ ಅಮ್ಮನ ತೋಳು ಬಿಡಿಸಿಕೊಂಡಳು. ಮೇಜಿನ ಖಾನೆಯಿಂದ ಇನ್ನೊಂದು ಕೀಲಿಯನ್ನು ತೆಗೆದು, ಕೈಯಲ್ಲಿದ್ದದ್ದರ ಜೊತೆ ಸೇರಿಸಿ ಅಜ್ಜನ ಮುಂದೆ ಹಿಡಿದಳು.

“ತಗೋ. ಮೂರೂ ನಿನ್ನ ಹತ್ರಾನೇ ಇರ್ಲಿ.”

ಅಜ್ಜ ಕೈ ಚಾಚಲಿಲ್ಲ. ಅವಳು ಎರಡನ್ನೂ ಮಂಚದ ಮೇಲಿಟ್ಟು, ನೆಲದ ಮೇಲಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಹಳಸಿದ ಊಟವನ್ನು ಚೆಲ್ಲಿ ತೊಳೆದಿಟ್ಟಳು.

ಮರುದಿನದಿಂದ ಕೋಣೆಯ ಬಾಗಿಲು ಹಗಲೂ ಇರುಳೂ ತೆರೆದೇ ಇರುತ್ತಿತ್ತು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತು ಓದುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು; ‘ಹೌದು’, ‘ಇಲ್ಲ’, ‘ಆಯ್ತು’. ‘ಯಾಕೆ’ ಎಂಬುದು ಅವಳ ಬಾಯಿಂದ ಹೋಗಿಬಿಟ್ಟಿತ್ತು. ಶಾಲೆಯಿಂದ ನೇರ ಮನೆಗೆ ಬರುತ್ತಿದ್ದಳು. ಅಂಗಡಿಯ ಸ್ಟೂಲಿನ ಮೇಲೆ ಅಜ್ಜ ಎಣ್ಣೆ ಡಬ್ಬ ಇಡಲಿಲ್ಲ, ಗಿರಾಕಿಗಳನ್ನೂ ಕೂರಿಸಲಿಲ್ಲ.

“ನಿಮ್ಮ ಜಡ್ಜಮ್ಮ ರಜೆ ಮೇಲಾ?” ಎಂದು ಕೀಲಿಗೆ ನಕಲು ಮಾಡಿಸಲು ಬಂದ ಮೇಷ್ಟ್ರು ಕೇಳಿದರು.

“ತೀರ್ಪಾಯ್ತು ಮೇಷ್ಟ್ರೇ,” ಎಂದ ಅಜ್ಜ. ಅವರು ನಕ್ಕರು.

ವರ್ಷದ ಪರೀಕ್ಷೆ ಮುಗಿದ ಮೇಲೆ ಹುಡುಗಿ ತಾನಾಗಿಯೇ ಅಪ್ಪನಿಗೆ ಫೋನ್ ಮಾಡಿ, ಅವನಿರುವ ಊರಿನ ಶಾಲೆಯ ಹಾಸ್ಟೆಲಿಗೆ ಸೇರಿಸು ಎಂದಳು. ತಾಯಿ ಅತ್ತಳು, ಆಮೇಲೆ ಒಪ್ಪಿದಳು. ಹಾಸ್ಟೆಲಿನವರು ಹೇಳಿಕಳಿಸಿದ ಸಾಮಾನುಗಳಲ್ಲಿ ಬಕೆಟ್ಟು, ಹೊದಿಕೆಗಳ ಜೊತೆ ಕಪಾಟಿಗೆ ಒಂದು ಬೀಗವೂ ಇತ್ತು. ಅಜ್ಜ ಅಂಗಡಿಯಲ್ಲಿದ್ದುದರಲ್ಲೇ ಗಟ್ಟಿಯಾದದ್ದನ್ನು ಆರಿಸಿದ. ಕಂಪನಿಯ ಡಬ್ಬವನ್ನು ಒಡೆಯಲಿಲ್ಲ. ಒಡೆಯದ ಡಬ್ಬದೊಳಗಿನ ಕೀಲಿಗೆ ಯಾರೂ ನಕಲು ಮಾಡಿರಲಾರರೆಂದು ಅವಳಿಗೆ ಗೊತ್ತಾಗುತ್ತದೆ ಎಂಬ ಲೆಕ್ಕ ಅವನದು. ಅದನ್ನು ಅವಳ ಚೀಲದ ಮೇಲಿಟ್ಟು ಅಂಗಡಿಗೆ ಹೋದ.

ಸಂಜೆ ಬಂದಾಗ ಡಬ್ಬ ಹಜಾರದಲ್ಲಿ ಅವನ ದಿಂಬಿನ ಪಕ್ಕದಲ್ಲಿತ್ತು, ಒಡೆಯದೆಯೇ.

“ಅವಳು ಬೇರೆ ತಗೊಂಡಿದ್ದಾಳೆ ಬಿಡು,” ಎಂದಳು ಮಗಳು, ಬಟ್ಟೆ ಮಡಿಸುತ್ತ, ತಲೆಯೆತ್ತದೆ. “ಸ್ಟೇಷನರಿ ಅಂಗಡೀಲಿ ಸಿಗುತ್ತಲ್ಲ, ನಂಬರ್ ಬೀಗ. ಅದಕ್ಕೆ ಕೀಲೀನೇ ಇಲ್ಲ.”

ಭಾನುವಾರದ ಮೊದಲ ಬಸ್ಸಿಗೆ ಅವಳು ಹೊರಟಳು. ರಜೆಗಳಲ್ಲಿ ಅವಳು ಅತ್ತೆಯ ಮನೆಗೆ ಹೋಗುವುದೆಂದು ನಿಶ್ಚಯವಾಗಿದೆ. ಅಜ್ಜ ತನ್ನ ಹಾಸಿಗೆಯನ್ನು ಮತ್ತೆ ಆ ಕೋಣೆಗೆ ಒಯ್ದಿದ್ದಾನೆ.